ಕಚೇರಿ ಸರ್ವರಿಗೆ ಮುಕ್ತ ಆಪರೇಟಿಂಗ್ ಸಿಸ್ಟಮ್: ಆರಿಸುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸಹಕಾರಿ ಸಂಘಗಳ, ಶಾಲೆಗಳ ಮತ್ತು ಸಣ್ಣ ಕಚೇರಿಗಳ ಸಿಬ್ಬಂದಿಯ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಗೆಳೆಯರೇ,

ನಮ್ಮ ಕಚೇರಿಯ ಸರ್ವರಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮಿನ ಯಾವ ರೂಪ ಹಾಕಿದರೆ ಒಳ್ಳೆಯದು ಎಂದು ಕೇಳಿದರೆ ಕೆಲವರು ವೇಗದ ಮಾತೆತ್ತುತ್ತಾರೆ, ಇನ್ನು ಕೆಲವರು ಹೆಚ್ಚು ಹೆಸರುವಾಸಿಯಾದದ್ದನ್ನು ತೋರಿಸುತ್ತಾರೆ. ಸಹಕಾರಿ ಸಂಘ, ಶಾಲೆ, ಸಣ್ಣ ಆಸ್ಪತ್ರೆ, ಮುದ್ರಣಾಲಯ, ಅಡಿಕೆ ಮಂಡಿ ಮೊದಲಾದ ಕಡೆಗಳಲ್ಲಿ ಸರ್ವರ್ ಮಾಡುವ ಕೆಲಸಕ್ಕೆ ವೇಗ ದೊಡ್ಡ ವಿಷಯವಲ್ಲ. ಹತ್ತು ಹದಿನೈದು ಕಂಪ್ಯೂಟರುಗಳ ಕಡತಗಳನ್ನು ಒಂದೆಡೆ ಇಡುವುದು, ಲೆಕ್ಕಪತ್ರದ ದತ್ತಾಂಶವನ್ನು ಕಾಯುವುದು, ಸದಸ್ಯರ ಪಟ್ಟಿಯಲ್ಲಿ ಬೇಕಾದ ಹೆಸರನ್ನು ಹುಡುಕಿಕೊಡುವುದು, ಪ್ರಿಂಟರುಗಳನ್ನು ಎಲ್ಲರಿಗೂ ಒದಗಿಸುವುದು, ರಾತ್ರಿ ಬ್ಯಾಕಪ್ ತೆಗೆಯುವುದು, ಇಷ್ಟನ್ನು ಇವತ್ತು ಸಿಗುವ ಯಾವ ಡಿಸ್ಟ್ರೋ (ಬಳಕೆಗೆ ಸಿದ್ಧಪಡಿಸಿದ ಲಿನಕ್ಸಿನ ಒಂದು ರೂಪ) ಆದರೂ ಸಲೀಸಾಗಿ ಮಾಡುತ್ತದೆ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆಗಳು ಬೇರೆ. ಇದಕ್ಕೆ ಭದ್ರತಾ ಅಪ್‌ಡೇಟುಗಳು ಯಾವ ವರ್ಷದವರೆಗೆ ಬರುತ್ತವೆ? ಆ ಗಡುವನ್ನು ನಡುವೆ ಮೊಟಕುಗೊಳಿಸುವ ಅಧಿಕಾರ ಯಾರ ಕೈಯಲ್ಲಿದೆ? ಗಡುವು ಮುಗಿಯುವ ಹೊತ್ತಿಗೆ ಮುಂದಿನ ಆವೃತ್ತಿಗೆ ದಾಟಿಸಬಲ್ಲವರು ನಮ್ಮೂರಿನಲ್ಲಿ ಸಿಗುತ್ತಾರೆಯೇ? ಈ ಮೂರಕ್ಕೂ ಸಮಾಧಾನಕರ ಉತ್ತರವಿರುವ ವ್ಯವಸ್ಥೆಯನ್ನು ಆರಿಸಿದರೆ ಉಳಿದ ಗುಣದೋಷಗಳನ್ನೆಲ್ಲ ಹೇಗಾದರೂ ಸರಿದೂಗಿಸಿಕೊಳ್ಳಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಪ್ರಶ್ನೆಯ ತೂಕ ಎಷ್ಟೆಂಬುದು ಸರ್ವರ್ ನೋಡಿಕೊಳ್ಳುವವರಿಗೆಲ್ಲ ಅರಿವಾದದ್ದು 2020ರ ಡಿಸೆಂಬರ್ 8ರಂದು. ರೆಡ್ ಹ್ಯಾಟ್ ಕಂಪನಿ ಹಣ ಪಡೆದು ಕೊಡುವ ಎಂಟರ್‌ಪ್ರೈಸ್ ಲಿನಕ್ಸಿನ ಸೋರ್ಸ್ ಕೋಡನ್ನೇ, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಬರಹವನ್ನೇ, ತೆಗೆದುಕೊಂಡು, ಅದರಲ್ಲಿದ್ದ ಕಂಪನಿಯ ಹೆಸರು ಮತ್ತು ಲಾಂಛನಗಳನ್ನಷ್ಟೇ ತೆಗೆದುಹಾಕಿ, ಉಳಿದಂತೆ ಅದೇ ವ್ಯವಸ್ಥೆಯನ್ನು ಎಲ್ಲರಿಗೂ ಉಚಿತವಾಗಿ ಒದಗಿಸುತ್ತಿದ್ದ ಡಿಸ್ಟ್ರೋ ಸೆಂಟ್‌ಒಎಸ್. 2004ರಿಂದ ನಡೆದುಬಂದ ಈ ಕೆಲಸವನ್ನು 2014ರಲ್ಲಿ ರೆಡ್ ಹ್ಯಾಟ್ ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2019ರಲ್ಲಿ ಐಬಿಎಂ ಕಂಪನಿ ರೆಡ್ ಹ್ಯಾಟನ್ನೇ ಕೊಂಡುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೆಂಟ್‌ಒಎಸ್‌ನ 8ನೆಯ ಆವೃತ್ತಿ ಬಂದಾಗ, 2029ರವರೆಗೆ ಅಪ್‌ಡೇಟು ಸಿಗುತ್ತದೆ ಎಂಬ ಭರವಸೆಯ ಮೇಲೆ ಕಚೇರಿಗಳೂ ಕಾಲೇಜುಗಳೂ ಅದನ್ನು ಹಾಕಿಕೊಂಡವು. ಹದಿನೈದು ತಿಂಗಳು ತುಂಬುವ ಮೊದಲೇ, 8ನೆಯ ಆವೃತ್ತಿಯ ಅಪ್‌ಡೇಟುಗಳು 2021ರ ಡಿಸೆಂಬರ್ 31ಕ್ಕೆ ನಿಲ್ಲುತ್ತವೆ, ಮುಂದಕ್ಕೆ ಸೆಂಟ್‌ಒಎಸ್ ಸ್ಟ್ರೀಮ್ (ರೆಡ್ ಹ್ಯಾಟಿನ ಮುಂಬರುವ ಬದಲಾವಣೆಗಳು ಮೊದಲೇ ಬರುವ ರೂಪ) ಮಾತ್ರ ಇರುತ್ತದೆ ಎಂಬ ಪ್ರಕಟಣೆ ಹೊರಬಿತ್ತು. ಹಳೆಯ 7ನೆಯ ಆವೃತ್ತಿಯ ಗಡುವು ಮಾತ್ರ ಬದಲಾಗದೆ 2024ರ ಜೂನ್ 30ರವರೆಗೆ ನಡೆಯಿತು. ಹೊಸದಕ್ಕೆ ದಾಟಿದವರಿಗಿಂತ ಹಳೆಯದರಲ್ಲೇ ಉಳಿದವರಿಗೆ ಎರಡೂವರೆ ವರ್ಷ ಹೆಚ್ಚು ಸಿಕ್ಕಿತು.

ಇದರಿಂದ ಮುಕ್ತ ತಂತ್ರಾಂಶವನ್ನೇ ನಂಬಬಾರದು ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಸೋರ್ಸ್ ಕೋಡ್ ಎಲ್ಲರ ಕೈಯಲ್ಲಿ ಇದ್ದುದರಿಂದಲೇ, ಪ್ರಕಟಣೆ ಬಂದ ನಾಲ್ಕು ತಿಂಗಳೊಳಗೆ, 2021ರ ಮಾರ್ಚಿನಲ್ಲಿ ಆಲ್ಮಾಲಿನಕ್ಸ್ ಬಂತು. ಜೂನ್ ತಿಂಗಳಲ್ಲಿ ರಾಕಿ ಲಿನಕ್ಸ್ ಬಂತು. ಸೆಂಟ್‌ಒಎಸ್ 8 ಹಾಕಿದ್ದವರು ದತ್ತಾಂಶಕ್ಕೆ ಕೈಹಚ್ಚದೆ ಇವುಗಳಿಗೆ ದಾಟಲು ಸಾಧ್ಯವಾಯಿತು. ಒಂದು ಕಂಪನಿಯ ಸ್ವಂತ ತಂತ್ರಾಂಶವಾಗಿದ್ದರೆ, ನಿಲ್ಲಿಸುತ್ತೇವೆ ಎಂದ ದಿನ ನಿಂತಂತೆಯೇ. ಮುಂದುವರಿಸುವ ಹಕ್ಕು ಬೇರೆ ಯಾರಿಗೂ ಇರುತ್ತಿರಲಿಲ್ಲ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಕೆಲಸ ತಪ್ಪುವುದಿಲ್ಲ. ಸಾವಿರಾರು ಕಚೇರಿಗಳಲ್ಲಿ ಯಾರೋ ಒಬ್ಬರು ರಜೆಯ ದಿನ ಕೂತು ಆ ಬದಲಾವಣೆ ಮಾಡಬೇಕಾಯಿತು, ಮಾಡಬಲ್ಲವರು ಇಲ್ಲದ ಕಚೇರಿಗಳಲ್ಲಿ ಅಪ್‌ಡೇಟಿಲ್ಲದ ಸರ್ವರುಗಳು ಹಾಗೆಯೇ ಓಡುತ್ತಾ ಉಳಿದವು. ಗಡುವು ಯಾರ ಕೈಯಲ್ಲಿದೆ ಎಂದು ಮೊದಲೇ ವಿಚಾರಿಸಬೇಕು ಎನ್ನುವುದು ಇದಕ್ಕಾಗಿ.

ಈ ಕಣ್ಣಿನಿಂದ ನೋಡಿದರೆ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಡೆಬಿಯನ್. 1993ರ ಆಗಸ್ಟಿನಲ್ಲಿ ಇಯಾನ್ ಮುರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ಯೋಜನೆ ಯಾವ ಕಂಪನಿಯ ಆಸ್ತಿಯೂ ಅಲ್ಲ. 1997ರಲ್ಲಿ ಬಳಕೆದಾರರಿಗೆ ಕೊಟ್ಟ ಸಾಮಾಜಿಕ ಒಪ್ಪಂದ ಮತ್ತು ಮರುವರ್ಷ ಅಂಗೀಕರಿಸಿದ ಸಂವಿಧಾನ ಇವೆರಡರ ಆಧಾರದ ಮೇಲೆ ಅದು ನಡೆಯುತ್ತದೆ. ಮುಖ್ಯಸ್ಥರನ್ನು ವರ್ಷಕ್ಕೊಮ್ಮೆ ಡೆವಲಪರುಗಳೇ ಮತ ಹಾಕಿ ಆರಿಸುತ್ತಾರೆ. ಸಹಕಾರಿ ಸಂಘದ ಮಹಾಸಭೆ, ಬೈಲಾ, ಆಡಳಿತ ಮಂಡಳಿಯ ಚುನಾವಣೆ ಇವುಗಳ ನಡುವೆಯೇ ಬೆಳೆದ ನಮ್ಮವರಿಗೆ ಈ ಏರ್ಪಾಡು ಬಹುಬೇಗ ಅರ್ಥವಾಗುತ್ತದೆ. ಒಬ್ಬ ಮಾಲೀಕ ಒಂದು ಬೆಳಿಗ್ಗೆ ತೀರ್ಮಾನ ತೆಗೆದುಕೊಂಡು ಇದರ ಗಡುವನ್ನು ಎಂಟು ವರ್ಷ ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮೂರು ವರ್ಷ ಅದರ ಭದ್ರತಾ ತಂಡವೇ ಅಪ್‌ಡೇಟು ಕೊಡುತ್ತದೆ, ಆಮೇಲಿನ ಎರಡು ವರ್ಷ ಪ್ರಾಯೋಜಕ ಸಂಸ್ಥೆಗಳ ಹಣದಿಂದ ನಡೆಯುವ ದೀರ್ಘಾವಧಿ ಬೆಂಬಲದ ತಂಡ ನೋಡಿಕೊಳ್ಳುತ್ತದೆ. 2023ರ ಜೂನ್ 10ರಂದು ಬಂದ 12ನೆಯ ಆವೃತ್ತಿಗೆ 2028ರ ಜೂನ್ ವರೆಗೆ, 2025ರ ಆಗಸ್ಟ್ 9ರಂದು ಬಂದ 13ನೆಯದಕ್ಕೆ 2030ರ ಜೂನ್ ವರೆಗೆ ಹೀಗೆ ಲೆಕ್ಕ ಹಿಡಿಯಬಹುದು.

ಸ್ವಯಂಸೇವಕರ ಯೋಜನೆಯೆಂದರೆ ಕೆಟ್ಟದ್ದೇನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಡೆಬಿಯನ್ನಿನವರು ಗುಪ್ತ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ (ಹಾಕಲು ಸಿದ್ಧವಾಗಿ ಸಿಗುವ ತಂತ್ರಾಂಶದ ಕಟ್ಟಿನಲ್ಲಿ) 2006ರಲ್ಲಿ ಮಾಡಿದ ಒಂದು ಬದಲಾವಣೆಯಿಂದಾಗಿ, ಆ ಯಂತ್ರಗಳಲ್ಲಿ ತಯಾರಾದ ಗುಪ್ತ ಕೀಲಿಗಳು ಸುಲಭವಾಗಿ ಊಹಿಸಬಹುದಾದಷ್ಟು ದುರ್ಬಲವಾದವು. ಅದು ಬೆಳಕಿಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಎರಡು ವರ್ಷ ಯಾರ ಗಮನಕ್ಕೂ ಬಾರದೆ ಉಳಿದ ದೊಡ್ಡ ಲೋಪ ಅದು. ಅದನ್ನು ಅವರು ಮುಚ್ಚಿಡದೆ, ದುರ್ಬಲ ಕೀಲಿಗಳನ್ನು ಪತ್ತೆಹಚ್ಚುವ ಸಾಧನವನ್ನೂ ಕೊಟ್ಟು ಸರಿಪಡಿಸಿದರು ಎಂಬುದನ್ನೂ ಜೊತೆಗೇ ಹೇಳಬೇಕು.

ಉಬುಂಟು ಡೆಬಿಯನ್ನಿನ ಬುನಾದಿಯ ಮೇಲೆ ಕೆನಾನಿಕಲ್ ಎಂಬ ಕಂಪನಿ 2004ರಿಂದ ಕಟ್ಟಿಕೊಂಡು ಬಂದಿರುವ ಡಿಸ್ಟ್ರೋ. ಸಮ ಸಂಖ್ಯೆಯ ವರ್ಷಗಳ ಏಪ್ರಿಲಿನಲ್ಲಿ ಬರುವ ಅದರ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಉಚಿತ ಅಪ್‌ಡೇಟು ಇದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಐದು ವರ್ಷದ ಭರವಸೆ ‘ಮೇನ್’ ಎಂಬ ಭಂಡಾರದಲ್ಲಿರುವ ಪ್ಯಾಕೇಜುಗಳಿಗೆ ಅನ್ವಯಿಸುತ್ತದೆ. ‘ಯೂನಿವರ್ಸ್’ ಎಂಬ ಇನ್ನೂ ದೊಡ್ಡ ಭಂಡಾರದಲ್ಲಿರುವವುಗಳಿಗೆ ಖಚಿತವಾದ ಭದ್ರತಾ ಅಪ್‌ಡೇಟು ಬೇಕಾದರೆ ಉಬುಂಟು ಪ್ರೊ ಎಂಬ ಯೋಜನೆಗೆ ನೋಂದಾಯಿಸಿಕೊಳ್ಳಬೇಕು. ಐದು ಯಂತ್ರಗಳವರೆಗೆ ಅದು ಉಚಿತ, ಅದಕ್ಕಿಂತ ಹೆಚ್ಚಾದರೆ ಹಣ ಕೊಡಬೇಕು. ಒಂದೆರಡು ಸರ್ವರ್ ಇರುವ ಕಚೇರಿಗೆ ಇದರಿಂದ ತೊಂದರೆಯಿಲ್ಲ. ಆದರೂ ಆ ಸಂಖ್ಯೆಯನ್ನು ಬದಲಿಸುವ ಅಧಿಕಾರ ಒಂದು ಕಂಪನಿಯದು ಎಂಬುದು ನೆನಪಿರಲಿ.

ಆಲ್ಮಾ ಮತ್ತು ರಾಕಿ ಎರಡರದ್ದೂ ಆಯುಷ್ಯ ದೊಡ್ಡದು, ಹತ್ತು ಹತ್ತು ವರ್ಷ. 9ನೆಯ ಆವೃತ್ತಿ ಹಾಕಿದವರಿಗೆ 2032ರವರೆಗೆ ಅಪ್‌ಡೇಟು ಇದೆ. ಒಮ್ಮೆ ಹಾಕಿ ಬಹುಕಾಲ ಮುಟ್ಟದೆ ಇರಬೇಕು ಎನ್ನುವವರಿಗೆ, ಅಥವಾ ಕೊಂಡ ತಂತ್ರಾಂಶದವರೇ ರೆಡ್ ಹ್ಯಾಟಿನ ಕುಟುಂಬದ ಮೇಲೆ ಮಾತ್ರ ನಡೆಸುತ್ತೇವೆ ಎಂದು ಬರೆದುಕೊಟ್ಟಲ್ಲಿ, ನಾನು ಆಲ್ಮಾವನ್ನೇ ಸೂಚಿಸುತ್ತೇನೆ. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಆವೃತ್ತಿಯ ಸೋರ್ಸ್ ಕೋಡನ್ನು ಸಾರ್ವಜನಿಕವಾಗಿ ಇಡುವುದನ್ನು ನಿಲ್ಲಿಸಿ ಗ್ರಾಹಕರಿಗಷ್ಟೇ ಸೀಮಿತಗೊಳಿಸಿದ ಮೇಲೆ, ಅಕ್ಷರಶಃ ಅದೇ ಪಡಿಯಚ್ಚು ಆಗುವ ಗುರಿಯನ್ನು ಆಲ್ಮಾ ಕೈಬಿಟ್ಟು, ಅದರ ಮೇಲೆ ನಡೆಯುವ ತಂತ್ರಾಂಶಗಳೆಲ್ಲ ತನ್ನ ಮೇಲೂ ನಡೆಯುವಂತೆ ನೋಡಿಕೊಂಡರೆ ಸಾಕೆಂಬ ದಾರಿ ಹಿಡಿಯಿತು. ನಮ್ಮ ಗಾತ್ರದ ಕಚೇರಿಗಳಿಗೆ ಆ ವ್ಯತ್ಯಾಸ ಅನುಭವಕ್ಕೆ ಬರುವುದೇ ಇಲ್ಲ.

ಫೆಡೋರಾ ಒಳ್ಳೆಯ ಡಿಸ್ಟ್ರೋ, ಆದರೆ ಒಂದು ಆವೃತ್ತಿಯ ಬಾಳು ಸುಮಾರು ಹದಿಮೂರು ತಿಂಗಳು. ಕಚೇರಿ ಸರ್ವರಿಗೆ ಬೇಡ. ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲದ ಬೇರೆಯೇ ಪರಂಪರೆಯ ವ್ಯವಸ್ಥೆ, ಅಚ್ಚುಕಟ್ಟಾದದ್ದು, ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ ಅದರಲ್ಲಿ ಹಾಸುಹೊಕ್ಕಾಗಿದೆ. ಅದನ್ನು ಬಲ್ಲವರು ನಮ್ಮ ತಾಲೂಕುಗಳಲ್ಲಿ ವಿರಳ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಇಲ್ಲಿ ಮುಂದಿಡುತ್ತಿಲ್ಲ.

ಡೆಬಿಯನ್ ಬಗ್ಗೆ ಬಹಳ ಕೇಳಿಬರುವ ಆಕ್ಷೇಪ, ಅದರಲ್ಲಿರುವ ತಂತ್ರಾಂಶಗಳೆಲ್ಲ ಹಳೆಯವು ಎಂಬುದು. ಸ್ಥಿರ ಆವೃತ್ತಿ ಹೊರಬಂದ ಮೇಲೆ ಅದರೊಳಗಿನ ಪ್ಯಾಕೇಜುಗಳ ಆವೃತ್ತಿ ಸಂಖ್ಯೆಯನ್ನು ಅವರು ಸಾಮಾನ್ಯವಾಗಿ ಏರಿಸುವುದಿಲ್ಲ. ಭದ್ರತೆಯ ದೋಷ ಕಂಡರೆ ಹೊಸ ಆವೃತ್ತಿಯಲ್ಲಿ ಮಾಡಿದ ತಿದ್ದುಪಡಿಯಷ್ಟನ್ನೇ ಹಳೆಯದಕ್ಕೆ ಸೇರಿಸಿ ಕೊಡುತ್ತಾರೆ. ಡೆಬಿಯನ್ 12ರಲ್ಲಿರುವ, ದೂರದಿಂದ ಸರ್ವರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತನ್ನ ಸಂಖ್ಯೆಯನ್ನು 9.2 ಎಂದೇ ತೋರಿಸುತ್ತದೆ. ಸಂಖ್ಯೆಯನ್ನು ಮಾತ್ರ ಓದುವ ತಪಾಸಣಾ ತಂತ್ರಾಂಶ ಇದನ್ನು ಕಂಡು ಕೆಂಪು ಗುರುತು ಹಾಕಿದರೆ ಗಾಬರಿಯಾಗಬೇಡಿ; ಸಂಖ್ಯೆಯ ಕೊನೆಯಲ್ಲಿ ಡೆಬಿಯನ್ ಸೇರಿಸುವ ಪರಿಷ್ಕರಣೆಯ ಬಾಲವನ್ನು ನೋಡಿ, ಆ ದೋಷಕ್ಕೆ ತಿದ್ದುಪಡಿ ಬಂದಿದೆಯೇ ಎಂದು ಅವರ ಭದ್ರತಾ ಪುಟದಲ್ಲಿ ಹೋಲಿಸಿಕೊಳ್ಳಬೇಕು. ಹೀಗೆ ನಿಧಾನವಾಗಿ ಸಾಗುವುದರ ಬೆಲೆ 2024ರ ಮಾರ್ಚ್ ಕೊನೆಯಲ್ಲಿ ಚೆನ್ನಾಗಿ ಗೊತ್ತಾಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ, ಅದರ ಉಸ್ತುವಾರಿಯ ನಂಬಿಕೆ ಗಳಿಸಿಕೊಂಡ ಒಬ್ಬರು ಕಳ್ಳಬಾಗಿಲನ್ನು ಸೇರಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಸರ್ವರಿಗೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತಾ ಹೋಗಿ ಅದನ್ನು ಬಯಲಿಗೆಳೆದರು. ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೂ ಫೆಡೋರಾದ ಮುಂಬರುವ ಆವೃತ್ತಿಗೂ ಆ ಪ್ಯಾಕೇಜು ಬಂದುಬಿಟ್ಟಿತ್ತು. ಸ್ಥಿರ ಆವೃತ್ತಿಯನ್ನು ಬಳಸುತ್ತಿದ್ದ ಕಚೇರಿಗಳನ್ನು ಅದು ಮುಟ್ಟಲೇ ಇಲ್ಲ.

ಇನ್ನು ಮೂರನೆಯ ಪ್ರಶ್ನೆ, ನೋಡಿಕೊಳ್ಳುವವರು ಯಾರು. ಈ ವಿಷಯದಲ್ಲಿ ಕಾಸರಗೋಡಿನವರಾದ ನಮಗೆ ಒಂದು ಅನುಕೂಲವಿದೆ, ಅದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾದ ಮೇಲೂ, ಮಕ್ಕಳು ಕಲಿಯುವುದು ಮುಕ್ತ ತಂತ್ರಾಂಶದಲ್ಲಿ. ಶಾಲೆಯ ಲ್ಯಾಬಿನಲ್ಲಿರುವುದು ಉಬುಂಟುವನ್ನು ಆಧರಿಸಿ ಸಿದ್ಧಪಡಿಸಿದ ವ್ಯವಸ್ಥೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದಿ ಅದೇ ಪರದೆಯ ಮುಂದೆ ಕೂತು ಪರೀಕ್ಷೆ ಬರೆಯುತ್ತಾರೆ. ಹತ್ತನೆಯ ತರಗತಿ ದಾಟುವ ಹೊತ್ತಿಗೆ ಅವರಿಗೆ ಲಿನಕ್ಸ್ ಹೊಸ ವಸ್ತುವಲ್ಲ. ಅವರಲ್ಲಿ ಆಸಕ್ತಿ ಇರುವವರು ಪ್ಯಾಕೇಜ್ ಹಾಕುವ ‘ಆಪ್ಟ್’ ಆಜ್ಞೆಯನ್ನೂ ಬಲ್ಲರು. ಡೆಬಿಯನ್ ಮತ್ತು ಉಬುಂಟು ಎರಡರಲ್ಲೂ ಇರುವುದು ಅದೇ ಆಪ್ಟ್, ಸಂರಚನೆಯ ಕಡತಗಳು ಇರುವುದೂ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ. ನೀರ್ಚಾಲಿನಲ್ಲೋ ಪೆರ್ಲದಲ್ಲೋ ಇರುವ ಒಂದು ಸಂಘ ತನ್ನ ಸರ್ವರಿಗೆ ಈ ಕುಟುಂಬವನ್ನು ಆರಿಸಿದರೆ, ನಾಳೆ ಅದನ್ನು ನೋಡಿಕೊಳ್ಳಬೇಕಾದವರು ಈಗಲೇ ಅಕ್ಕಪಕ್ಕದ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ತಂತ್ರಜ್ಞರು ಬರುವವರೆಗೆ ಕೌಂಟರ್ ಮುಚ್ಚಿ ಕೂರುವ ಸ್ಥಿತಿ ತಪ್ಪಬೇಕಾದರೆ ನಮ್ಮ ಮಕ್ಕಳ ಕಲಿಕೆಗೂ ನಮ್ಮ ಕಚೇರಿಗಳ ಆಯ್ಕೆಗೂ ನಂಟು ಇರಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ಗಡಿನಾಡಿನ ಕಚೇರಿಗಳ ಮತ್ತೊಂದು ವಿಶೇಷವನ್ನು ಹೊರಗಿನ ಮಾರ್ಗದರ್ಶಿಗಳು ಹೇಳುವುದಿಲ್ಲ. ನಮ್ಮ ಕಡತಗಳ ಹೆಸರುಗಳು ಕನ್ನಡದಲ್ಲಿರುತ್ತವೆ, ಮಲಯಾಳದಲ್ಲಿರುತ್ತವೆ, ಎರಡೂ ಬೆರೆತೂ ಇರುತ್ತವೆ. ಲಿನಕ್ಸಿನಲ್ಲಿ ರೂಢಿಯಲ್ಲಿರುವ ಎಕ್ಸ್ಟ್4 ಮತ್ತು ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಗಳಲ್ಲಿ ಒಂದು ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು, ಮಲಯಾಳಕ್ಕೂ ಹಾಗೆಯೇ. ‘ವಾರ್ಷಿಕ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನ ಒಳಗೆ ಅದು ವಕಾರ, ಆಕಾರದ ಚಿಹ್ನೆ, ರಕಾರ, ವಿರಾಮ, ಷಕಾರ, ಇಕಾರದ ಚಿಹ್ನೆ, ಕಕಾರ ಎಂಬ ಏಳು ಸಂಕೇತಗಳು, ಅಂದರೆ 21 ಬೈಟುಗಳು. ಒಟ್ಟು 85 ಸಂಕೇತಗಳಿಗೆ ಹೆಸರಿನ ಜಾಗ ತುಂಬಿಹೋಗುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಬೈಟನ್ನು ಲೆಕ್ಕ ಹಿಡಿಯದೆ 255 ಸಂಕೇತಗಳಿಗೆ ಅವಕಾಶ ಇರುವುದರಿಂದ, ಸಭೆಯ ವಿಷಯ, ದಿನಾಂಕ, ಊರು ಎಲ್ಲವನ್ನೂ ಸೇರಿಸಿ ಒಂದಿಡೀ ವಾಕ್ಯದಷ್ಟು ಉದ್ದದ ಹೆಸರು ಕೊಡುವ ಅಭ್ಯಾಸ ನಮ್ಮ ಗುಮಾಸ್ತರಲ್ಲಿ ಬೆಳೆದಿದೆ. ಅಂಥ ಕಡತಗಳನ್ನು ಹೊಸ ಲಿನಕ್ಸ್ ಸರ್ವರಿಗೆ ನಕಲು ಮಾಡುವಾಗ ಕೆಲವು ಮಾತ್ರ ‘ಹೆಸರು ತುಂಬಾ ಉದ್ದ’ ಎಂಬ ತಕರಾರಿನೊಂದಿಗೆ ಹಿಂದುಳಿಯುತ್ತವೆ, ಸಾವಿರಾರು ಕಡತಗಳು ಪರದೆಯ ಮೇಲೆ ಸರಿದುಹೋಗುವ ಭರದಲ್ಲಿ ಆ ಸಾಲು ಕಣ್ತಪ್ಪುತ್ತದೆ. ನಕಲಿನ ವರದಿಯನ್ನು ಕಡತಕ್ಕೆ ಬರೆಸಿಕೊಂಡು ಸಾವಧಾನವಾಗಿ ಓದಿ, ಉದ್ದದ ಹೆಸರುಗಳನ್ನು ಮೊದಲೇ ಗಿಡ್ಡ ಮಾಡಿ, ಎರಡೂ ಕಡೆಯ ಕಡತಗಳ ಸಂಖ್ಯೆ ತಾಳೆಯಾದ ಮೇಲೆಯೇ ಮುಂದುವರಿಯಬೇಕು.

ಸದಸ್ಯರ ಪಟ್ಟಿಯನ್ನು ಡೇಟಾಬೇಸಿನಲ್ಲಿ ಇಟ್ಟವರಿಗೆ ಇದೇ ಜಾತಿಯ ಇನ್ನೊಂದು ಎಚ್ಚರಿಕೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮ ಎಷ್ಟೋ ಬಾರಿ ಆಪರೇಟಿಂಗ್ ಸಿಸ್ಟಮಿನ ಗ್ಲಿಬ್‌ಸಿ ಎಂಬ ಮೂಲ ಗ್ರಂಥಾಲಯದಿಂದ ಬರುತ್ತದೆ. 2018ರಲ್ಲಿ ಬಂದ ಅದರ 2.28ನೆಯ ಆವೃತ್ತಿಯಲ್ಲಿ ಆ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಡೆಬಿಯನ್ 9ರಿಂದ 10ಕ್ಕೆ, ರೆಡ್ ಹ್ಯಾಟ್ ಕುಟುಂಬದಲ್ಲಿ 7ರಿಂದ 8ಕ್ಕೆ ದಾಟಿದವರ ಪೋಸ್ಟ್‌ಗ್ರೆಸ್ ಸೂಚಿಗಳು (ಹೆಸರನ್ನು ಬೇಗ ಹುಡುಕಲು ಅದು ಕಟ್ಟಿಡುವ ಇಂಡೆಕ್ಸುಗಳು) ಹಳೆಯ ಕ್ರಮದಲ್ಲೇ ಉಳಿದು, ಪಟ್ಟಿಯಲ್ಲಿ ಇದ್ದ ಹೆಸರನ್ನೇ ಇಲ್ಲ ಎನ್ನುವ ಅಪಾಯ ಉಂಟಾಯಿತು. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಪಠ್ಯದ ಸೂಚಿಗಳನ್ನು ಒಮ್ಮೆ ಹೊಸದಾಗಿ ಕಟ್ಟಿಸುವುದು ಒಳ್ಳೆಯದು. ಸರ್ವರಿನ ಲೊಕೇಲ್ (ಭಾಷೆ ಮತ್ತು ಲಿಪಿಯ ಸಂಯೋಜನೆ) ಯುಟಿಎಫ್-8 ಆಗಿರಲೇಬೇಕು. ಅದರ ಸಂದೇಶಗಳು ಮಾತ್ರ ಇಂಗ್ಲಿಷಿನಲ್ಲಿದ್ದರೆ ಅನುಕೂಲ, ಏಕೆಂದರೆ ದೋಷ ಬಂದಾಗ ಆ ಸಾಲನ್ನೇ ಹುಡುಕಿ ಪರಿಹಾರ ಕಾಣುವುದು ಸುಲಭವಾಗುತ್ತದೆ.

ಸರ್ವರ್ ಲಿನಕ್ಸ್ ಆದರೂ ಮೇಜುಗಳ ಮೇಲಿರುವ ಕಂಪ್ಯೂಟರುಗಳು ಬಹುಪಾಲು ವಿಂಡೋಸ್, ಏಕೆಂದರೆ ಲೆಕ್ಕಪತ್ರದ ತಂತ್ರಾಂಶ ಅದರಲ್ಲೇ ನಡೆಯುವಂಥದ್ದು. ಇವುಗಳ ನಡುವೆ ಸೇತುವೆಯಾಗುವುದು ಸಾಂಬಾ ಎಂಬ ತಂತ್ರಾಂಶ. ಆಂಡ್ರೂ ಟ್ರಿಡ್ಜೆಲ್ 1992ರಲ್ಲಿ ಶುರುಮಾಡಿದ ಈ ಕೆಲಸ, 2012ರ ಡಿಸೆಂಬರಿನಲ್ಲಿ ಬಂದ 4ನೆಯ ಆವೃತ್ತಿಯಿಂದ ಆಕ್ಟಿವ್ ಡೈರೆಕ್ಟರಿಯ ಡೊಮೇನ್ ಕಂಟ್ರೋಲರ್ ಆಗಿಯೂ ನಿಲ್ಲಬಲ್ಲದು. ಎಲ್ಲ ಸಿಬ್ಬಂದಿಯ ಲಾಗಿನ್ನುಗಳನ್ನು ಒಂದೆಡೆಯಿಂದ ನಿಭಾಯಿಸಬೇಕು ಎನ್ನುವ ಕಚೇರಿಗೆ ಇದು ಬೇಕು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಇದರ ಪ್ಯಾಕೇಜು ಸಿದ್ಧವಾಗಿ ಸಿಗುತ್ತದೆ, ರೆಡ್ ಹ್ಯಾಟ್ ತನ್ನ ಪ್ಯಾಕೇಜಿನಲ್ಲಿ ಡೊಮೇನ್ ಕಂಟ್ರೋಲರಿನ ಭಾಗವನ್ನು ಕೊಡುವುದಿಲ್ಲ. ಬರೀ ಕಡತ ಹಂಚಿಕೆಗೆ ಯಾವುದಾದರೂ ಆದೀತು. ಹಲವರು ಏಕಕಾಲಕ್ಕೆ ತೆರೆಯುವ ಲೆಕ್ಕದ ದತ್ತಾಂಶವನ್ನು ಸಾಂಬಾದ ಮೂಲಕ ಹಂಚುವಾಗ ಓಪ್‌ಲಾಕ್ ಎಂಬ ವ್ಯವಸ್ಥೆಯ ಮೇಲೆ ಕಣ್ಣಿಡಿ. ಅದು ಕಡತದ ಭಾಗಗಳನ್ನು ಮೇಜಿನ ಕಂಪ್ಯೂಟರಿನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಬಿಡುತ್ತದೆ, ವೇಗಕ್ಕೆ ಒಳ್ಳೆಯದು. ಆದರೆ ಬರೆಯುವ ನಡುವೆ ನೆಟ್‌ವರ್ಕ್ ಕಡಿದುಹೋದರೆ ದತ್ತಾಂಶ ಕೆಡುವ ಸಂಭವವಿದೆ. ಆ ಫೋಲ್ಡರಿನ ಮಟ್ಟಿಗೆ ಅದನ್ನು ನಿಲ್ಲಿಸಿಬಿಡುವುದು ಸುರಕ್ಷಿತ.

ಲಿನಕ್ಸಿಗೆ ವೈರಸ್ ಬರುವುದಿಲ್ಲ ಎಂಬ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿಯಾದಾಗ ನಮ್ಮದೇ ರಾಜ್ಯದ ವಯನಾಡು ಜಿಲ್ಲೆಯಲ್ಲಿ ಪಂಚಾಯತು ಕಚೇರಿಯ ಕಂಪ್ಯೂಟರುಗಳು ಬೀಗ ಜಡಿದಂತಾದವು; ಅವು ವಿಂಡೋಸ್ ಯಂತ್ರಗಳು. ಅದೇ ತಿಂಗಳು ಸಾಂಬಾದಲ್ಲೂ, ದೂರದಿಂದಲೇ ಸರ್ವರನ್ನು ವಶಪಡಿಸಿಕೊಳ್ಳಬಹುದಾದ ಗಂಭೀರ ದೋಷವೊಂದು ಪ್ರಕಟವಾಯಿತು. ಎರಡಕ್ಕೂ ಅಪ್‌ಡೇಟು ಹಾಕಿದವರು ಪಾರಾದರು. ಡೆಬಿಯನ್, ಉಬುಂಟುಗಳಲ್ಲಿ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಪ್ಯಾಕೇಜು ಭದ್ರತಾ ಅಪ್‌ಡೇಟುಗಳನ್ನು ತಾನಾಗಿಯೇ ಹಾಕುತ್ತದೆ. ಅದನ್ನು ಚಾಲೂ ಇಡಿ. ಕರ್ನಲ್ (ವ್ಯವಸ್ಥೆಯ ತಿರುಳು) ಬದಲಾದರೆ ಮಾತ್ರ ಯಂತ್ರವನ್ನು ಮರುಚಾಲನೆ ಮಾಡಬೇಕಾಗುತ್ತದೆ. ತಿಂಗಳಿಗೊಂದು ಭಾನುವಾರವನ್ನು ಅದಕ್ಕೆಂದು ಗೊತ್ತುಮಾಡಿಕೊಂಡರೆ ಸಾಕು.

ವಿದ್ಯುತ್ತಿನ ವಿಷಯವನ್ನು ಹೇಳದೆ ಈ ಜಿಲ್ಲೆಯಲ್ಲಿ ಸರ್ವರಿನ ಮಾತು ಪೂರ್ತಿಯಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ಕಡಿಯುವುದು, ತುಲಾ ತಿಂಗಳ ಸಂಜೆಗಳಲ್ಲಿ ಸಿಡಿಲು ಬಡಿಯುವುದು ನಮಗೆ ಪ್ರತಿವರ್ಷದ ಪಾಡು. ನಮ್ಮ ಕಚೇರಿಗಳಲ್ಲಿ ದೊಡ್ಡ ಬ್ಯಾಟರಿಯ ಇನ್ವರ್ಟರ್ ಇರುತ್ತದೆ, ಅದು ಗಂಟೆಗಟ್ಟಲೆ ನಡೆಸುತ್ತದೆ. ಆದರೆ ಬ್ಯಾಟರಿ ಮುಗಿಯುತ್ತಾ ಬಂತೆಂದು ಸರ್ವರಿಗೆ ತಿಳಿಸುವ ದಾರಿ ಸಾಮಾನ್ಯ ಇನ್ವರ್ಟರಿನಲ್ಲಿ ಇಲ್ಲ. ಅದು ಬರಿದಾದ ಕ್ಷಣ ಸರ್ವರ್ ಕೂಡ ಧುತ್ತೆಂದು ಆರಿಹೋಗುತ್ತದೆ. ಅದಕ್ಕಾಗಿ ಇನ್ವರ್ಟರಿಗೂ ಸರ್ವರಿಗೂ ನಡುವೆ ಯುಎಸ್‌ಬಿ ಕಿಂಡಿ ಇರುವ ಸಣ್ಣ ಯುಪಿಎಸ್ ಇಟ್ಟು, ಅದರ ಕೇಬಲನ್ನು ಸರ್ವರಿಗೆ ಜೋಡಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಬೇಕು. ಇನ್ವರ್ಟರ್ ನಡೆಯುವಷ್ಟು ಹೊತ್ತು ಯುಪಿಎಸ್‌ಗೆ ಕರೆಂಟು ಇದ್ದಂತೆಯೇ. ಇನ್ವರ್ಟರ್ ನಿಂತಾಗ ಯುಪಿಎಸ್ ತನ್ನ ಬ್ಯಾಟರಿಗೆ ಬರುತ್ತದೆ, ಆ ಸುದ್ದಿ ಕೇಬಲಿನಲ್ಲಿ ಸರ್ವರಿಗೆ ತಲುಪುತ್ತದೆ, ಸರ್ವರ್ ತೆರೆದ ಕಡತಗಳನ್ನು ಮುಚ್ಚಿ ಕ್ರಮವಾಗಿ ತಾನೇ ನಿಲ್ಲುತ್ತದೆ. ಇನ್ವರ್ಟರ್ ಸೈನ್ ವೇವ್ ಬಗೆಯದಾಗಿರಲಿ, ಇಲ್ಲವಾದರೆ ಕೆಲವು ಯುಪಿಎಸ್‌ಗಳು ಅದರ ಕರೆಂಟನ್ನು ಒಪ್ಪುವುದಿಲ್ಲ. ಗೋದಾಮಿಗೆ ಅಥವಾ ಪಕ್ಕದ ಕಟ್ಟಡಕ್ಕೆ ಅಂಗಳ ದಾಟಿ ಹೋಗುವ ತಾಮ್ರದ ನೆಟ್‌ವರ್ಕ್ ಕೇಬಲ್ ಸಿಡಿಲಿನ ಆಘಾತವನ್ನು ಸರ್ವರಿನವರೆಗೆ ತಂದುಬಿಡುತ್ತದೆ. ಅಲ್ಲಿ ಫೈಬರ್ ಎಳೆಸಿ.

ಉಪನ್ಯಾಸದ ಬಳಿಕ ಬಂದ ಎರಡು ಪ್ರಶ್ನೆಗಳು ಎಲ್ಲರಿಗೂ ಉಪಯೋಗವಾಗುವಂಥವು. ಮೂಲೆಯಲ್ಲಿರುವ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಬಹುದೇ ಎಂದು ಶಾಲೆಯ ಶಿಕ್ಷಕಿಯೊಬ್ಬರು ಕೇಳಿದರು. 64 ಬಿಟ್ ಆಗಿದ್ದರೆ ಡೆಬಿಯನ್ ನಡೆಯುತ್ತದೆ. 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಸಿಗುವುದು 12ನೆಯ ಆವೃತ್ತಿಯವರೆಗೆ ಮಾತ್ರ, 13ರಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಅಂಥವನ್ನು ಹೊಸದಾಗಿ ಸರ್ವರ್ ಮಾಡಲು ಹೋಗಬೇಡಿ. ರೆಡ್ ಹ್ಯಾಟ್ 10 ಮತ್ತು ಅದನ್ನು ಅನುಸರಿಸುವ ರಾಕಿ 10 ಎವಿಎಕ್ಸ್2 ಸೂಚನೆಗಳಿರುವ ಪ್ರೊಸೆಸರನ್ನು ಬೇಡುತ್ತವೆ, ಇಂಟೆಲ್‌ನಲ್ಲಿ ಅವು ಬಂದದ್ದು 2013ರಿಂದ. ಆಲ್ಮಾ 10 ಮಾತ್ರ ಅದಕ್ಕಿಂತ ಹಳೆಯ ಪ್ರೊಸೆಸರುಗಳಿಗೂ ಬೇರೆಯಾಗಿ ಒಂದು ರೂಪವನ್ನು ಕೊಡುತ್ತಿದೆ. ಯಂತ್ರ ಹಳೆಯದಾದರೂ ಹಾರ್ಡ್‌ಡಿಸ್ಕುಗಳು ಹೊಸವಾಗಿರಲಿ, ಎರಡಿರಲಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವಂತೆ ಜೋಡಿ ಮಾಡಿರಿ. ಜೋಡಿ ಇದೆಯೆಂದು ಬ್ಯಾಕಪ್ ಬಿಡಬಾರದು, ಏಕೆಂದರೆ ಅಳಿಸಿದ ಕಡತ ಎರಡರಲ್ಲೂ ಅಳಿಸಿಹೋಗುತ್ತದೆ.

ಸೆಂಟ್‌ಒಎಸ್ 7 ಇನ್ನೂ ಓಡುತ್ತಿದೆ, ಏನು ಮಾಡಲಿ ಎಂದು ಸಂಘವೊಂದರ ಕಾರ್ಯದರ್ಶಿಗಳು ಕೇಳಿದರು. ಇದ್ದ ಜಾಗದಲ್ಲೇ ಮೆಟ್ಟಿಲು ಮೆಟ್ಟಿಲಾಗಿ 8ಕ್ಕೆ, 9ಕ್ಕೆ ಏರಿಸುವ ಎಲಿವೇಟ್ ಎಂಬ ಸಾಧನವನ್ನು ಆಲ್ಮಾದವರು ಕೊಟ್ಟಿದ್ದಾರೆ. ಆದರೆ ಸಣ್ಣ ಕಚೇರಿಗೆ ನಾನು ಹೇಳುವುದು ಹೊಸ ಡಿಸ್ಕು, ಹೊಸ ಡೆಬಿಯನ್. ಹಳೆಯ ಸರ್ವರನ್ನು ಇಂದೇ ಇಂಟರ್ನೆಟ್ಟಿನಿಂದ ಬೇರ್ಪಡಿಸಿ, ಒಳಗಿನ ಜಾಲದಲ್ಲಿ ಮಾತ್ರ ಉಳಿಸಿ. ಹೊಸದನ್ನು ಪಕ್ಕದಲ್ಲಿಟ್ಟು ದತ್ತಾಂಶವನ್ನು ನಕಲು ಮಾಡಿ, ಬ್ಯಾಕಪ್ಪಿನಿಂದ ಒಂದು ಫೋಲ್ಡರನ್ನಾದರೂ ಮರಳಿ ತೆಗೆದು ತೆರೆದು ನೋಡಿ. ಯಾವ ಆವೃತ್ತಿ ಹಾಕಿದೆ, ಅದರ ಗಡುವು ಯಾವಾಗ, ಆಡಳಿತದ ಪಾಸ್‌ವರ್ಡ್ ಏನು ಎಂಬುದನ್ನು ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಸಹಿ ಹಾಕಿ ತಿಜೋರಿಯಲ್ಲಿಡಿ. ಒಂದು ತಿಂಗಳ ಕೊನೆಯ ಲೆಕ್ಕ ಹೊಸ ಸರ್ವರಿನಲ್ಲೇ ಮುಗಿದು ಹಳೆಯದರೊಂದಿಗೆ ತಾಳೆಯಾದರೆ ಹಳೆಯದನ್ನು ನಿಲ್ಲಿಸಬಹುದು. ಅದರ ಡಿಸ್ಕನ್ನು ಮಾತ್ರ ಆ ವರ್ಷದ ಆಡಿಟ್ ಮುಗಿಯುವವರೆಗೆ ಅಳಿಸದೆ ಇಟ್ಟುಕೊಳ್ಳಿ.